ಮಾರಾಟದ ಪಟ್ಟಿಯಲ್ಲಿ ಇಲ್ಲದ ಅರ್ಧ ಗಂಟೆ

ಮಷೀನಿಗೆ ಟೂಲ್ ಹೊಂದಿಸುವ ನಮ್ಮ ಸೆಟ್ಟರ್ ಅಣ್ಣನ ಹೆಬ್ಬೆರಳಿಗೆ ಗೆರೆಗಳೇ ಇಲ್ಲ. ಇಪ್ಪತ್ತೆರಡು ವರ್ಷ ಮಷೀನ್ ತಂಪಾಗಿಡುವ ಕೂಲೆಂಟ್‌ನಲ್ಲಿ ಕೈ ಅದ್ದಿ, ಲೋಹದ ಚಿಪ್ಸ್ ಬಳಿದು, ಸಂಜೆ ಮರದ ಪುಡಿ ಹಾಕಿ ಉಜ್ಜಿ ತೊಳೆದು ಸವೆದು ಹೋಗಿವೆ. ಹೊಸ ಕಂಪನಿ ಗೇಟಿನಲ್ಲಿ ಬೆರಳಚ್ಚಿನ ಮಷೀನ್ ಹಾಕಿದ ದಿನ ಅವರು ಏಳು ಸಲ ಬೆರಳು ಒತ್ತಿದರು. ಏಳು ಸಲವೂ ಅದು 'ಪ್ಲೀಸ್ ಟ್ರೈ ಅಗೈನ್' ಅಂದಿತು. ಅವರು ಬೆರಳನ್ನು ತಲೆಗೂದಲಿಗೆ ಉಜ್ಜಿ, ಪ್ಯಾಂಟಿಗೆ ಒರೆಸಿ, ಮತ್ತೆ ಒತ್ತಿದರು. ಹಿಂದೆ ಸಾಲು ಬೆಳೆಯುತ್ತಿತ್ತು. ಎಂಟನೇ ಸಲ ಹಸಿರು ದೀಪ ಬಂದಾಗ 8.34. ಶಿಫ್ಟ್ ಶುರುವಾಗುವುದು 8.30ಕ್ಕೆ. ಅವರು ಬಂದು ನಿಂತದ್ದು 8.20ಕ್ಕೇ ಆದರೂ ದಾಖಲೆಯಲ್ಲಿ ತಡ ಅಂತಲೇ ಬಿತ್ತು.

ಇದು ನಡೆದದ್ದು 2022ರಲ್ಲಿ, ಪೀಣ್ಯ ಎರಡನೇ ಹಂತದ ಒಂದು ಫ್ಯಾಕ್ಟರಿಯಲ್ಲಿ. ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ, ಮಷೀನ್‌ಗಳಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಜಾಗ. ನಾನು ಅಲ್ಲಿ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದೇನೆ. 2011ರಲ್ಲಿ ಸೇರಿದ್ದು. 2022ರ ಏಪ್ರಿಲ್‌ನಲ್ಲಿ ನಮ್ಮ ಯಜಮಾನರು ಫ್ಯಾಕ್ಟರಿಯನ್ನು ಒಂದು ದೊಡ್ಡ ಗುಂಪಿಗೆ ಮಾರಿದರು. ಎರಡೂ ಕಡೆಯ ಹೆಸರು ಇಲ್ಲಿ ಬೇಡ. ಆ ಬದಲಾವಣೆಯಲ್ಲಿ ನಮ್ಮ ಓಟಿಗೆ, ಅಂದರೆ ಶಿಫ್ಟ್ ಮುಗಿದ ಮೇಲೆ ಮಾಡುವ ಕೆಲಸಕ್ಕೆ, ಏನಾಯಿತು, ನಾವು ಹೇಗೆ ನಿಭಾಯಿಸಿದೆವು ಅನ್ನುವುದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು.

ಮೊದಲು ಹಳೆಯ ದಿನಗಳ ಬಗ್ಗೆ ಹೇಳಬೇಕು.

ಯಜಮಾನರು ಒಂದು ಶೆಡ್ಡಿನಲ್ಲಿ ಎರಡು ಲೇತ್ ಇಟ್ಟುಕೊಂಡು ಶುರು ಮಾಡಿದವರು. ಲೋಡ್ ಜಾಸ್ತಿ ಇದ್ದ ದಿನ ಅವರೇ ಇನ್ಸ್‌ಪೆಕ್ಷನ್ ಟೇಬಲ್ ಹತ್ತಿರ ಬರುತ್ತಿದ್ದರು. "ಇವತ್ತು ಒಂದೆರಡು ಗಂಟೆ ಕೂತ್ಕೋತೀರೇನಮ್ಮ? ಬೆಳಿಗ್ಗೆ ಗಾಡಿ ಹೋಗ್ಬೇಕು" ಅನ್ನುವರು. ಆಗಲ್ಲ ಸರ್ ಅಂದರೆ ಸರಿ ಅಂತ ಬೇರೆಯವರನ್ನು ಕೇಳುವರು. ಆಗುತ್ತೆ ಅಂದರೆ ಆರು ಗಂಟೆಗೆ ಬೇಕರಿಯಿಂದ ಪಫ್ಸು, ಕಾಫಿ ಬರುತ್ತಿತ್ತು. ಮಗಳ ಸ್ಕೂಲಲ್ಲಿ ಮೀಟಿಂಗ್ ಇದ್ದರೆ ಅರ್ಧ ಗಂಟೆ ಬೇಗ ಹೊರಟು, ಆ ಅರ್ಧ ಗಂಟೆಯನ್ನು ಇನ್ನೊಂದು ದಿನ ತುಂಬಿಕೊಡುತ್ತಿದ್ದೆ. ಅದನ್ನು ಯಾರೂ ಎಲ್ಲೂ ಬರೆದಿಡುತ್ತಿರಲಿಲ್ಲ. ಬರೆದಿಡಬೇಕು ಅಂತ ಯಾರಿಗೂ ಹೊಳೆದಿರಲೂ ಇಲ್ಲ. ಓಟಿ ದುಡ್ಡು ಪ್ರತಿ ತಿಂಗಳು ಹತ್ತನೇ ತಾರೀಖು ಒಂದು ಕವರ್‌ನಲ್ಲಿ ಬರುತ್ತಿತ್ತು.

2014ರಲ್ಲಿ ನಮ್ಮ ಮಾವನವರಿಗೆ ರಾತ್ರಿ ಹನ್ನೊಂದು ಗಂಟೆಗೆ ಲಕ್ವ ಹೊಡೆಯಿತು. ನನ್ನ ಗಂಡ ಊರಲ್ಲಿರಲಿಲ್ಲ. ಏನು ಮಾಡಬೇಕು ಅಂತ ತೋಚದೆ ಯಜಮಾನರಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷದಲ್ಲಿ ಅವರ ಕಾರು ಮನೆ ಮುಂದೆ ನಿಂತಿತ್ತು. ಡ್ರೈವರ್ ಕೈಯಲ್ಲಿ ಇಪ್ಪತ್ತು ಸಾವಿರ ಕಳಿಸಿದ್ದರು. ಆ ದುಡ್ಡನ್ನು ಸಂಬಳದಲ್ಲಿ ಯಾವತ್ತೂ ಹಿಡಿಯಲಿಲ್ಲ. ಮಾವನವರು ಆಮೇಲೆ ಆರು ವರ್ಷ ಬದುಕಿದರು.

ಹೊಸಬರು ಬಂದ ಮೇಲೆ ಮೊದಲ ತಿಂಗಳೇ ನಿಯಮಗಳು ಬಂದವು. ಮಧ್ಯಾಹ್ನ ಮೂರಕ್ಕೆ ಓಟಿ ಸ್ಲಿಪ್ ನೋಟಿಸ್ ಬೋರ್ಡಿಗೆ ಬರುತ್ತದೆ. ಸೂಪರ್‌ವೈಸರ್ ಮತ್ತು ಎಚ್‌ಆರ್ ಇಬ್ಬರ ಸಹಿ ಇರಬೇಕು. ಹೆಸರು ಇದ್ದವರು ಕಡ್ಡಾಯವಾಗಿ ಉಳಿಯಬೇಕು. ಹೆಸರು ಇಲ್ಲದವರು ಐದರ ಮೇಲೆ ಎಷ್ಟು ಕೆಲಸ ಮಾಡಿದರೂ ಅದು ಓಟಿ ಅಲ್ಲ. ಒಂದು ಗಂಟೆಗಿಂತ ಕಡಿಮೆ ಇದ್ದರೆ ಲೆಕ್ಕಕ್ಕೇ ಇಲ್ಲ. ಬೇಗ ಹೋಗಿ ಆಮೇಲೆ ತುಂಬಿಕೊಡುವ ಪದ್ಧತಿ ರದ್ದು. ತಿಂಗಳಲ್ಲಿ ಮೂರು ಸಲ ತಡವಾದರೆ ಅರ್ಧ ದಿನದ ಸಂಬಳ ಕಟ್.

ಮೂರನೇ ವಾರ ನನ್ನ ಸರದಿ ಬಂತು. ಮಗಳಿಗೆ ಬೆಳಿಗ್ಗೆಯಿಂದ ಮೈ ಬಿಸಿ ಇತ್ತು, ಪಕ್ಕದ ಮನೆ ಅಕ್ಕನ ಹತ್ತಿರ ಬಿಟ್ಟು ಬಂದಿದ್ದೆ. ಮೂರಕ್ಕೆ ಬೋರ್ಡ್ ನೋಡಿದರೆ ನನ್ನ ಟೋಕನ್ ನಂಬರ್, ಎರಡು ಗಂಟೆ. ಸೂಪರ್‌ವೈಸರ್‌ಗೆ ಹೇಳಿದೆ. "ನಾನೇನು ಮಾಡ್ಲಿ ಅಕ್ಕ, ಸ್ಲಿಪ್ ಸಿಸ್ಟಮ್‌ಗೆ ಹೋಗ್ಬಿಟ್ಟಿದೆ" ಅಂದ. ಹನ್ನೊಂದು ವರ್ಷ ನನ್ನ ಪಕ್ಕದಲ್ಲೇ ಊಟ ಮಾಡಿದ ಹುಡುಗ. ನನ್ನ ಮುಖ ನೋಡದೆ ಹೇಳಿದ. ನಾನು ಐದಕ್ಕೆ ಹೊರಟೆ. ಮಾರನೇ ದಿನ ಟೇಬಲ್ ಮೇಲೆ ಮೆಮೋ ಇತ್ತು, ಇಂಗ್ಲಿಷಿನಲ್ಲಿ, ಮೂರು ದಿನದೊಳಗೆ ಉತ್ತರ ಕೊಡಿ ಅಂತ. ನನ್ನ ಸರ್ವಿಸ್‌ನಲ್ಲಿ ಅದು ಮೊದಲ ಮೆಮೋ. ಎರಡು ಸಲ ಓದಿದೆ. ಕೈ ನಡುಗುತ್ತಿತ್ತು. ಅಳತೆ ನೋಡುವ ಮೈಕ್ರೋಮೀಟರ್ ಹಿಡಿದರೆ ಅವತ್ತು ಒಂದೇ ಪೀಸಿಗೆ ಮೂರು ಬೇರೆ ಬೇರೆ ರೀಡಿಂಗ್ ಬಂತು.

ಆ ತಿಂಗಳ ಕೊನೆಗೆ ಪೇ ಸ್ಲಿಪ್ ಬಂದಾಗ ಇನ್ನೊಂದು ಅಚ್ಚರಿ ಕಾದಿತ್ತು. ಓಟಿ 22 ಗಂಟೆ, 3,300 ರೂಪಾಯಿ. ತಪ್ಪಾಗಿ ಜಾಸ್ತಿ ಹಾಕಿದ್ದಾರೆ ಅಂದುಕೊಂಡೆ. ಆಗ ನನ್ನ ಬೇಸಿಕ್, ಡಿಎ ಸೇರಿ 15,600. ಅದನ್ನು 26 ದಿನಕ್ಕೆ, ದಿನಕ್ಕೆ 8 ಗಂಟೆಯಂತೆ ಹಂಚಿದರೆ ಗಂಟೆಗೆ 75 ರೂಪಾಯಿ. ಹಳೆ ಯಜಮಾನರು ಕವರ್‌ನಲ್ಲಿ ಕೊಡುತ್ತಿದ್ದದ್ದು ಅದೇ 75. ಇವರು ಕೊಟ್ಟದ್ದು 150.

ಅವತ್ತು ಸಂಜೆ ಗೇಟಿನ ಹತ್ತಿರ ನಿಂತೆ. ಅಲ್ಲಿ ಗಾಜಿನ ಚೌಕಟ್ಟಿನೊಳಗೆ ಒಂದು ದೊಡ್ಡ ಹಾಳೆ ತೂಗುಹಾಕಿದೆ. ಕಾರ್ಖಾನೆ ಕಾಯ್ದೆಯ ಸಾರಾಂಶ. 1948ರ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಪ್ರತಿ ಫ್ಯಾಕ್ಟರಿಯೂ ಅದನ್ನು ಇಂಗ್ಲಿಷಿನಲ್ಲಿ ಮತ್ತು ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಹಾಕಲೇಬೇಕಿತ್ತು. ನಮ್ಮಲ್ಲಿ ಕನ್ನಡದ್ದು ಹಳೆ ಯಜಮಾನರ ಕಾಲದಿಂದಲೂ ಇತ್ತು. ಹನ್ನೊಂದು ವರ್ಷ ದಿನಕ್ಕೆ ಎರಡು ಸಲ ಅದರ ಮುಂದೆ ಹಾದು ಹೋಗಿದ್ದೇನೆ. ಒಂದು ದಿನವೂ ಓದಿರಲಿಲ್ಲ. ಅವತ್ತು ನಿಂತು ಓದಿದೆ. ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ. ಅದನ್ನು ಮೀರಿದರೆ ಸಾಮಾನ್ಯ ದರದ ಎರಡು ಪಟ್ಟು ಕೂಲಿ. ಬಿಡುವೂ ಸೇರಿ ಕೆಲಸದ ದಿನ ಹತ್ತೂವರೆ ಗಂಟೆಗಿಂತ ಹೆಚ್ಚು ಹರಡಬಾರದು. ಬೆಳಿಗ್ಗೆ 8.30ರಿಂದ ಸಂಜೆ 7ರವರೆಗೆ ಸರಿಯಾಗಿ ಹತ್ತೂವರೆ ಗಂಟೆ. ನಮ್ಮ ಸ್ಲಿಪ್‌ನಲ್ಲಿ ಎರಡು ಗಂಟೆಗಿಂತ ಜಾಸ್ತಿ ಯಾಕೆ ಇರಲ್ಲ ಅಂತ ಆಗ ಗೊತ್ತಾಯಿತು.

ಈ 48 ಗಂಟೆ ಸುಮ್ಮನೆ ಬಂದದ್ದಲ್ಲ. 1934ರ ಕಾಯ್ದೆಯಲ್ಲಿ ವಾರಕ್ಕೆ 54 ಗಂಟೆ ಇತ್ತು. 1942ರಿಂದ 1946ರವರೆಗೆ ಅಂಬೇಡ್ಕರ್ ಅವರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದರು. 1946ರ ತಿದ್ದುಪಡಿ ಅದನ್ನು 48ಕ್ಕೆ ಇಳಿಸಿತು. ನಾನು ಐದು ಗಂಟೆಗೆ ಬ್ಯಾಗ್ ಎತ್ತಿಕೊಳ್ಳುವುದರ ಹಿಂದೆ ಇಷ್ಟು ಜನರ ಶ್ರಮ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಆ ಹಾಳೆ ಓದಿದ ಮೇಲೆ ಸುಮಾರು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ಒಂದು ರಾತ್ರಿ ಲೆಕ್ಕ ಹಾಕಲು ಕೂತೆ. ಹನ್ನೊಂದು ವರ್ಷದಲ್ಲಿ ಎಷ್ಟು ಗಂಟೆ ಓಟಿ, ಅದರ ಅರ್ಧ ದುಡ್ಡು ಎಷ್ಟು ಬರಬೇಕಿತ್ತು ಅಂತ. ಎರಡು ವರ್ಷ ಹಿಂದಕ್ಕೆ ಹೋಗುವಷ್ಟರಲ್ಲಿ ಪೆನ್ನು ಇಟ್ಟುಬಿಟ್ಟೆ. ಮಾವನವರನ್ನು ಎತ್ತಿಕೊಂಡು ಹೋದ ಕಾರು ಕಣ್ಣ ಮುಂದೆ ಬರುತ್ತಿತ್ತು. ಆ ಇಪ್ಪತ್ತು ಸಾವಿರವನ್ನು ಯಾವ ಕಡೆ ಬರೆಯಲಿ? ಅದನ್ನು ಓಟಿ ಬಾಕಿಗೆ ಜಮಾ ಮಾಡಿದರೆ ಅವರ ಉಪಕಾರಕ್ಕೆ ಬೆಲೆ ಕಟ್ಟಿದ ಹಾಗೆ. ಮಾಡದಿದ್ದರೆ ನನ್ನ ದುಡಿಮೆಯನ್ನೇ ನಾನು ಮರೆತ ಹಾಗೆ. ಅವರು ಒಳ್ಳೆಯವರು. ನಮಗೆ ಬರಬೇಕಾದ್ದನ್ನು ಅರ್ಧ ಮಾತ್ರ ಕೊಟ್ಟರು. ಎರಡೂ ನಿಜ. ಇವತ್ತಿಗೂ ನನಗೆ ಇವೆರಡನ್ನು ಒಂದೇ ಪುಟದಲ್ಲಿ ಬರೆದು ಕೂಡಿಸುವುದಕ್ಕೆ ಆಗಿಲ್ಲ.

ಇನ್ನೊಂದು ಕಡೆ ಹೊಸಬರು. ದುಡ್ಡು ಸರಿಯಾಗಿ ಕೊಡುತ್ತಾರೆ. ಆದರೆ ಮೂರು ಗಂಟೆಯ ಮೇಲೆ ನನ್ನ ಸಂಜೆ ಯಾರದ್ದು ಅಂತ ಅವರೇ ತೀರ್ಮಾನ ಮಾಡುತ್ತಾರೆ. ಮನೆಯಲ್ಲಿ "ಡಬಲ್ ಕೊಡ್ತಾರಲ್ವಾ, ಇನ್ನೇನು ಬೇಕು" ಅಂತ ಕೇಳಿದರು. ಏನು ಬೇಕು ಅಂತ ನನಗೂ ಹೇಳಲು ಬರಲಿಲ್ಲ. ಆಮೇಲೆ ನಿಧಾನವಾಗಿ ತಿಳಿಯಿತು. ನಮ್ಮ ಯಜಮಾನರು 'ಕೂತ್ಕೋತೀರೇನಮ್ಮ' ಅಂತ ಕೇಳುತ್ತಿದ್ದರು. ನನಗೆ ಬೇಕಾಗಿದ್ದದ್ದು ಆ ಕೇಳುವುದು.

ಕೈ ಬದಲಾದಾಗ ನಮಗೆಲ್ಲ ಒಂದು ಪತ್ರ ಕೊಟ್ಟಿದ್ದರು. ನಿಮ್ಮ ಸೇವೆ ಮುರಿಯುವುದಿಲ್ಲ, ಹಳೆಯ ಷರತ್ತುಗಳು ಹಾಗೇ ಮುಂದುವರಿಯುತ್ತವೆ ಅಂತ. ಅದು ಅವರ ಔದಾರ್ಯ ಅಂದುಕೊಂಡಿದ್ದೆ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25ಎಫ್‌ಎಫ್ ಸೆಕ್ಷನ್ ಹೇಳುತ್ತಿದ್ದದ್ದೇ ಅದನ್ನು. ಸಂಸ್ಥೆ ಕೈ ಬದಲಾದಾಗ ಸೇವೆ ಮುರಿಯದಿದ್ದರೆ, ಷರತ್ತುಗಳು ಮೊದಲಿಗಿಂತ ಕೆಳಗಿಳಿಯದಿದ್ದರೆ, ಹಳೆಯ ಸರ್ವಿಸ್‌ನ ಹೊಣೆಯನ್ನು ಹೊಸಬರು ಹೊತ್ತರೆ, ಆಗ ಮಾತ್ರ ಕೆಲಸಗಾರರಿಗೆ ಪರಿಹಾರ ಕೊಡಬೇಕಾಗಿರಲಿಲ್ಲ. ಕೆಲಸದ ಹೊತ್ತು, ಬಿಡುವಿನ ಹೊತ್ತು ಬದಲಿಸುವುದಾದರೆ ಅದೇ ಕಾಯ್ದೆಯ 9ಎ ಪ್ರಕಾರ 21 ದಿನ ಮೊದಲು ನೋಟಿಸ್ ಕೊಡಬೇಕಿತ್ತು. ಇದನ್ನೆಲ್ಲ ಓದಿ ನನಗೆ ಒಂದು ಕ್ಷಣ ಧೈರ್ಯ ಬಂತು. ಆಮೇಲೆ ನಮ್ಮ ಷರತ್ತುಗಳು ಎಲ್ಲಿವೆ ಅಂತ ಹುಡುಕಿದೆ. ನೇಮಕಾತಿ ಪತ್ರದಲ್ಲಿ ಶಿಫ್ಟ್ ಹೊತ್ತು ಇದೆ, ಸಂಬಳ ಇದೆ. ಅರ್ಧ ಗಂಟೆ ಬೇಗ ಹೋಗಿ ತುಂಬಿಕೊಡುವುದು ಇಲ್ಲ. ಆಗಲ್ಲ ಅಂದರೆ ಬಿಡುತ್ತಿದ್ದದ್ದು ಇಲ್ಲ. ಪಫ್ಸು ಕಾಫಿ ಇಲ್ಲ. ಮಾರಾಟದ ಪಟ್ಟಿಯಲ್ಲಿ ಹದಿನಾಲ್ಕು ಸಿಎನ್‌ಸಿ ಮಷೀನ್, ಎರಡು ಕಂಪ್ರೆಸರ್, ಒಂದು ಜನರೇಟರ್, ನಮ್ಮೆಲ್ಲರ ಸರ್ವಿಸ್ ವರ್ಷಗಳು ಬರೆದಿದ್ದವಂತೆ. ಆ ಅರ್ಧ ಗಂಟೆಯನ್ನು ಯಾರೂ ಬರೆಯಲಿಲ್ಲ, ಯಾಕಂದರೆ ಅದು ಯಾವತ್ತೂ ಕಾಗದದ ಮೇಲೆ ಇರಲೇ ಇಲ್ಲ.

ಹಾಗಾಗಿ ನಾನು ಬರೆಯಲು ಶುರು ಮಾಡಿದೆ.

ಮನೆಯಲ್ಲಿ ಎಲ್‌ಐಸಿ ಏಜೆಂಟ್ ಕೊಟ್ಟ ಡೈರಿ ಇತ್ತು, ಹಾಲಿನ ಲೆಕ್ಕಕ್ಕೆ ಅಂತ ಇಟ್ಟಿದ್ದದ್ದು. 2022ರ ಸೆಪ್ಟೆಂಬರ್ ಒಂದರಿಂದ ಅದರಲ್ಲಿ ದಿನಾ ಎರಡು ಹೊತ್ತು ಬರೆದೆ. ಕೆಲಸ ಶುರು, ಕೆಲಸ ಮುಗಿದದ್ದು. ಸ್ಲಿಪ್‌ನಲ್ಲಿ ಹೆಸರು ಇಲ್ಲದ ದಿನವೂ ಐದಕ್ಕೆ ಎದ್ದು ಬರಲು ನಮ್ಮ ವಿಭಾಗದಲ್ಲಿ ಆಗುವುದಿಲ್ಲ. ಕೊನೆಯ ಲಾಟ್ 4.50ಕ್ಕೆ ಮಷೀನಿಂದ ಇಳಿಯುತ್ತದೆ. ಬಿಸಿ ಆರಬೇಕು, ಎಣ್ಣೆ ಒರೆಸಬೇಕು. ತೂತಿನ ಅಳತೆ ನೋಡುವ ಪ್ಲಗ್ ಗೇಜಿನ ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಆ ತೂತಿನ ಅಳತೆ ಹೆಚ್ಚುಕಡಿಮೆ ಆಗಲು ಬಿಟ್ಟಿರುವುದು ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಭಾಗ ಮಾತ್ರ. ಅರ್ಧ ನೋಡಿ ಬಿಟ್ಟು ಬಂದರೆ ಬೆಳಿಗ್ಗೆ ಯಾವುದು ನೋಡಿದ್ದು, ಯಾವುದು ನೋಡದ್ದು ಅಂತ ಗೊತ್ತಾಗಲ್ಲ. ರಿಪೋರ್ಟಿಗೆ ನನ್ನ ಸಹಿ ಬೀಳದೆ ಗಾಡಿ ಹೊರಡುವುದಿಲ್ಲ. ಹೀಗೆ ಇಪ್ಪತ್ತು ನಿಮಿಷ, ನಲವತ್ತು ನಿಮಿಷ, ಕೆಲವು ದಿನ ಐವತ್ತು.

ನವೆಂಬರ್ ಕೊನೆಗೆ ಕೂಡಿಸಿದೆ. 38 ದಿನ, ಒಟ್ಟು 21 ಗಂಟೆ 40 ನಿಮಿಷ. ಎರಡು ಪಟ್ಟು ದರದಲ್ಲಿ 3,250 ರೂಪಾಯಿ. ದೊಡ್ಡ ಮೊತ್ತ ಅಲ್ಲ. ಆದರೆ ಅಷ್ಟು ಗಂಟೆ ನಾನು ಅಲ್ಲಿ ನಿಂತು ಕೆಲಸ ಮಾಡಿದ್ದೆ. ಅದು ಎಲ್ಲೂ ಇಲ್ಲ ಅಂದರೆ ಹೇಗೆ?

ಡೈರಿಯನ್ನು ಊಟದ ಹೊತ್ತಿನಲ್ಲಿ ಪ್ಯಾಕಿಂಗ್ ಅಕ್ಕನಿಗೆ ತೋರಿಸಿದೆ. ಅವರೂ ಬರೆಯಲು ಶುರು ಮಾಡಿದರು, ಕ್ಯಾಲೆಂಡರ್ ಮೇಲೆ. ಶಿರಾ ಕಡೆಯ ಒಬ್ಬ ಆಪರೇಟರ್ ಹುಡುಗ ಮೊಬೈಲಿನಲ್ಲಿ ಬರೆದಿಟ್ಟ. ಸೆಟ್ಟರ್ ಅಣ್ಣ ಮಾತ್ರ ಬರೆಯಲಿಲ್ಲ. "ಇಪ್ಪತ್ತೆರಡು ವರ್ಷ ಆದ್ಮೇಲೆ ನಾನು ಬಂದೆ ಅಂತ ಬೆರಳು ತೋರಿಸಿ ಸಾಕ್ಷಿ ಹೇಳ್ಬೇಕಾ ತಾಯಿ?" ಅಂದರು. ಡಿಸೆಂಬರ್‌ನಲ್ಲಿ ಕೆಲಸ ಬಿಟ್ಟು ಲಗ್ಗೆರೆಯ ಒಂದು ಸಣ್ಣ ಶೆಡ್ಡಿಗೆ ಸೇರಿಕೊಂಡರು. ಅಲ್ಲಿ ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಹೊರಟ ದಿನ ತಮ್ಮ ಅಲೆನ್ ಕೀ ಸೆಟ್ಟನ್ನು ಆ ಶಿರಾ ಹುಡುಗನಿಗೆ ಕೊಟ್ಟು ಹೋದರು. ಅವರನ್ನು ಉಳಿಸಿಕೊಳ್ಳಲು ಆಗಲಿಲ್ಲ ಅನ್ನುವ ನೋವು ನನಗೆ ಈಗಲೂ ಇದೆ. ಬೆರಳಿನ ಬದಲು ಕಾರ್ಡ್ ಕೊಟ್ಟಿದ್ದರೆ ಸಾಕಿತ್ತು. ಅಷ್ಟೇ ಸಣ್ಣ ವಿಷಯ.

ಜನವರಿಯಲ್ಲಿ ನಾವು ನಾಲ್ಕು ಜನ ಎಚ್‌ಆರ್ ಹತ್ತಿರ ಹೋದೆವು. ಹುಬ್ಬಳ್ಳಿ ಕಡೆಯ ಹುಡುಗ, ಮೂವತ್ತು ದಾಟಿರಲಿಕ್ಕಿಲ್ಲ. ಕುರ್ಚಿ ಎಳೆದು ಕೂರಿಸಿದ. "ಮೇಡಂ, ಒಂದು ತಾಸಿಗಿಂತ ಕಡಿಮಿ ಇದ್ರ ಸಿಸ್ಟಮ್ ತಗೋಳಂಗಿಲ್ರೀ" ಅಂದ. ನಾನು ಡೈರಿ ತೆಗೆದು ಟೇಬಲ್ ಮೇಲೆ ಇಟ್ಟೆ. "ಸಿಸ್ಟಮ್ ತಗೊಳ್ಳಲ್ಲ ಸರಿ. ಈ ಪೀಸುಗಳನ್ನ ನೋಡಿದ್ದು ಯಾರು? ರಿಪೋರ್ಟ್‌ನಲ್ಲಿ ನನ್ನ ಸಹಿ ಇದೆ, ಹೊತ್ತೂ ಇದೆ" ಅಂದೆ. ಅವನು ಪುಟ ತಿರುಗಿಸುತ್ತಾ ಹೋದ. ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಆಮೇಲೆ ಅವನು ಹೇಳಿದ್ದನ್ನು ಇಲ್ಲಿ ಹೇಳಲೇಬೇಕು, ಯಾಕಂದರೆ ಅದು ನನಗೆ ಹೊಸದು. ನಮ್ಮಿಂದ ಮಾಲು ಕೊಳ್ಳುವ ದೊಡ್ಡ ಕಂಪನಿಗಳು ಆಡಿಟ್ ಮಾಡುತ್ತವೆ. ಬೆರಳಚ್ಚಿನ ದಾಖಲೆ ತೆಗೆದು, ಓಟಿ ಸೇರಿ ವಾರಕ್ಕೆ 60 ಗಂಟೆ ದಾಟಿದವರು ಯಾರಾದರೂ ಇದ್ದಾರಾ ಅಂತ ನೋಡುತ್ತವೆ. ಓಟಿಗೆ ಸಹಿ ಇದೆಯಾ, ಎರಡು ಪಟ್ಟು ಕೊಟ್ಟಿದ್ದಾರಾ ಅಂತ ನೋಡುತ್ತವೆ. ಒಂದು ತಪ್ಪು ಸಿಕ್ಕರೂ ಆರ್ಡರ್ ಹೋಗಬಹುದು. ಆ ಹೆದರಿಕೆಗೇ ಇಷ್ಟು ಬಿಗಿ ನಿಯಮ. ಅಂದರೆ ನನ್ನನ್ನು ಜಾಸ್ತಿ ದುಡಿಸಬಾರದು ಅಂತ ಮಾಡಿದ ನಿಯಮವೇ ನಾನು ದುಡಿದದ್ದನ್ನು ಲೆಕ್ಕದಿಂದ ಹೊರಗಿಡುತ್ತಿತ್ತು. ಅದನ್ನು ಅವನಿಗೆ ಹಾಗೇ ಹೇಳಿದೆ. "ಅದು ಖರೇ ಅದರೀ" ಅಂದ.

ಎರಡು ತಿಂಗಳು ಹಿಡಿಯಿತು. 2023ರ ಏಪ್ರಿಲ್‌ನಿಂದ ಹದಿನೈದು ನಿಮಿಷದಿಂದಲೇ ಲೆಕ್ಕ ಶುರುವಾಯಿತು. ಸ್ಲಿಪ್ ಮೂರರ ಬದಲು ಮಧ್ಯಾಹ್ನ ಒಂದಕ್ಕೆ ಬರುತ್ತದೆ. ಹೆಸರು ಬಂದವರಿಗೆ ಆಗದಿದ್ದರೆ ಅದೇ ವಿಭಾಗದ ಇನ್ನೊಬ್ಬರು ಒಪ್ಪಿ ಸಹಿ ಹಾಕಬಹುದು. ಬೆರಳು ಹತ್ತದವರಿಗೆ ಕಾರ್ಡ್ ಬಂತು. ಸೆಟ್ಟರ್ ಅಣ್ಣ ಹೋಗಿ ನಾಲ್ಕು ತಿಂಗಳಾದ ಮೇಲೆ. ಹಳೆಯ 21 ಗಂಟೆ 40 ನಿಮಿಷದ ದುಡ್ಡು ಮಾತ್ರ ಕೊಡಲಿಲ್ಲ.

ಅದೇ ವರ್ಷ ರಾಜ್ಯ ಸರ್ಕಾರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿ 145ಕ್ಕೆ ಏರಿತು. ವಾರಕ್ಕೆ 48 ಗಂಟೆ ದಾಟದಂತೆ ದಿನಕ್ಕೆ 12 ಗಂಟೆವರೆಗೂ ಕೆಲಸ ತೆಗೆದುಕೊಳ್ಳಬಹುದಿತ್ತು, ಕೆಲಸಗಾರರು ಬರೆದು ಒಪ್ಪಿಗೆ ಕೊಟ್ಟರೆ. ನಮಗೂ ಒಂದು ಒಪ್ಪಿಗೆ ಪತ್ರ ಬಂತು, ಇಂಗ್ಲಿಷಿನಲ್ಲಿ. ಪ್ಯಾಕಿಂಗ್ ಅಕ್ಕ ಅದನ್ನು ವಾಪಸ್ ಕೊಟ್ಟು "ಕನ್ನಡದಲ್ಲಿ ಕೊಡಿ, ಓದಿ ಸಹಿ ಹಾಕ್ತೀನಿ" ಅಂದರು. ಒಂದು ವರ್ಷದ ಹಿಂದೆ ಆಕೆ ಎಲ್ಲಿ ಸಹಿ ಅಂತ ಮಾತ್ರ ಕೇಳುತ್ತಿದ್ದರು.

145 ಗಂಟೆ ಅನ್ನುವುದು ನನಗೆ ಭಯ ಹುಟ್ಟಿಸಿತು. ಓಟಿ ದುಡ್ಡು ನಂಬಿ ಬೈಕ್ ಸಾಲ, ಚೀಟಿ, ಮಕ್ಕಳ ಫೀಸು ಕಟ್ಟುವ ಹುಡುಗರು ನಮ್ಮಲ್ಲಿ ತುಂಬಾ ಇದ್ದಾರೆ. ಅವರಿಗೆ ನಾನು ಒಂದು ಮಾತು ಹೇಳುತ್ತಿರುತ್ತೇನೆ. ಓಟಿ ದುಡ್ಡಿಗೆ ಪಿಎಫ್ ಸೇರುವುದಿಲ್ಲ. ಗ್ರಾಚುಟಿ ಲೆಕ್ಕಕ್ಕೂ ಬರುವುದಿಲ್ಲ. ಎಷ್ಟು ಸಂಜೆ ಕೊಟ್ಟರೂ ನಿವೃತ್ತಿಯ ದಿನ ಅದು ನಿಮ್ಮ ಕೈಯಲ್ಲಿ ಇರಲ್ಲ. ಬೇಕಾದಾಗ ಮಾಡಿ, ಆದರೆ ಮನೆಯ ಲೆಕ್ಕವನ್ನು ಬೇಸಿಕ್ ಮೇಲೆ ಕಟ್ಟಿ. ಎಲ್ಲರೂ ಕೇಳುವುದಿಲ್ಲ. ಬೇಸಿಕ್ ಅಷ್ಟು ಕಡಿಮೆ ಇರುವಾಗ ಹೇಗೆ ಕೇಳುತ್ತಾರೆ?

2025ರ ನವೆಂಬರ್ 21ರಿಂದ ಈ ಹಳೆಯ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹೊಸ ಸಂಹಿತೆಯಲ್ಲೂ ಓಟಿಗೆ ಎರಡು ಪಟ್ಟು ಅಂತಲೇ ಇದೆ. ಜೊತೆಗೆ ಓಟಿಗೆ ಕೆಲಸಗಾರರ ಒಪ್ಪಿಗೆ ಬೇಕು ಅಂತ ಬರೆದಿದೆ. ಆ ಒಂದು ಸಾಲನ್ನು ನಾನು ಡೈರಿಯ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದುಕೊಂಡಿದ್ದೇನೆ.

ಮೊನ್ನೆ ರಾಜಾಜಿನಗರದ ಒಂದು ಆರತಕ್ಷತೆಯಲ್ಲಿ ಹಳೆ ಯಜಮಾನರು ಸಿಕ್ಕಿದ್ದರು. ವಯಸ್ಸಾಗಿದೆ, ಕೋಲು ಹಿಡಿದಿದ್ದರು. ಗುರುತು ಹಿಡಿದು ಹತ್ತಿರ ಕರೆದರು. ಮಷೀನ್‌ಗಳ ಬಗ್ಗೆ ಒಂದೊಂದಾಗಿ ವಿಚಾರಿಸಿದರು. ಆಮೇಲೆ "ಓಟಿ ಸರಿಯಾಗಿ ಕೊಡ್ತಾರೇನಮ್ಮ?" ಅಂದರು.

"ಡಬಲ್ ಕೊಡ್ತಾರೆ ಸರ್" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗಳು ಈಗ ಎಷ್ಟನೇ ಕ್ಲಾಸು ಅಂತ ಕೇಳಿದರು. ಎಂಟನೇ ಕ್ಲಾಸು ಅಂದೆ. ಊಟಕ್ಕೆ ಎದ್ದಾಗ ಅವರ ಕೋಲು ಎತ್ತಿ ಕೊಟ್ಟೆ, ಪಂಕ್ತಿಯವರೆಗೂ ಕೈ ಹಿಡಿದುಕೊಂಡು ಹೋದೆ.

ಈಗ ಒಂದು ಅರ್ಜಿ ಬರೆಯುತ್ತಿದ್ದೇವೆ. ತಿಂಗಳಿಗೆ ಎರಡು ಸಲ ಅರ್ಧ ಗಂಟೆ ಬೇಗ ಹೋಗಲು ಬಿಡಿ, ಅದೇ ವಾರದಲ್ಲಿ ತುಂಬಿಕೊಡುತ್ತೇವೆ, ಅದನ್ನು ರಿಜಿಸ್ಟರ್‌ನಲ್ಲಿ ಬರೆದು ಇಬ್ಬರೂ ಸಹಿ ಹಾಕೋಣ ಅಂತ. ಕನ್ನಡದಲ್ಲೇ ಬರೆದಿದ್ದೇನೆ. ಇಲ್ಲಿವರೆಗೆ 31 ಜನ ಸಹಿ ಹಾಕಿದ್ದಾರೆ. ಎರಡನೇ ಶಿಫ್ಟಿನವರದ್ದು ಬಾಕಿ ಇದೆ. ಶಿರಾ ಹುಡುಗ ಶನಿವಾರ ಅವರ ಹತ್ತಿರ ತೆಗೆದುಕೊಂಡು ಹೋಗುತ್ತೇನೆ ಅಂದಿದ್ದಾನೆ. ಸೋಮವಾರ ಕೊಡಬೇಕು.